ತಮಾಷೆ ದೊಡ್ಡವರ ಕೆಲಸ, ಮಕ್ಕಳು ದೂರ ಇರಿ

ಈಗಿನ ಹುಡುಗರಿಗೆ ಯಾವುದಕ್ಕೆ ನಗಬೇಕು, ಯಾವುದಕ್ಕೆ ನಗಬಾರದು ಅನ್ನೋದೇ ಗೊತ್ತಿಲ್ಲ. ಯುದ್ಧಕ್ಕೂ ಮೀಮ್, ಚುನಾವಣೆಗೂ ಮೀಮ್. ಲೋಕ ಹೊತ್ತಿ ಉರಿಯುವಾಗ ಇವರು ಹಲ್ಲು ಕಿಸಿಯುತ್ತಾ ಕೂರುತ್ತಾರೆ. ಇದನ್ನು ಖಂಡಿಸಲೇಬೇಕು.

2020ರ ಜನವರಿಯನ್ನೇ ನೋಡಿ. ಬಾಗ್ದಾದ್ ವಿಮಾನ ನಿಲ್ದಾಣದ ಹತ್ತಿರ ಅಮೆರಿಕ ಡ್ರೋನ್ ದಾಳಿ ಮಾಡಿ ಇರಾನಿನ ಸೇನಾಧಿಕಾರಿ ಖಾಸಿಂ ಸುಲೇಮಾನಿಯನ್ನು ಕೊಂದಿತು. ಅಷ್ಟರಲ್ಲೇ ಹುಡುಗರು ಮೂರನೇ ಮಹಾಯುದ್ಧದ ಮೀಮ್ ಶುರು ಮಾಡಿಬಿಟ್ಟರು. ಬಂಕರಿನಲ್ಲಿ ಯಾವ ಹಾಡಿಗೆ ಕುಣಿಯೋದು ಅಂತ ವಿಡಿಯೊ ಬೇರೆ. ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತಿದೆ. ಆದರೆ 18 ತುಂಬಿದ ಹುಡುಗರು ಹೆಸರು ಬರೆಸಬೇಕು ಅನ್ನೋ ನಿಯಮ ಆಗಲೂ ಹಾಗೇ ಉಳಿದಿತ್ತು. ಆ ಹೆಸರು ಬರೆಸುವ ಇಲಾಖೆಯ ವೆಬ್‌ಸೈಟಿಗೆ ಆ ದಿನ ಜನ ಎಷ್ಟು ಮುಗಿಬಿದ್ದರು ಅಂದರೆ, ಅದು ಕೆಟ್ಟು ನಿಂತಿತು. ಎಂಥ ಬೇಜವಾಬ್ದಾರಿ! ಸಾಯೋಕೆ ನಮ್ಮನ್ನೂ ಕರೀತಾರಾ ಅಂತ ವಿಚಾರಿಸಲು ಹೋದವರು ದಾರಿಯಲ್ಲಿ ನಗುತ್ತಾ ಹೋಗೋದಾ?

ಮುಂದಿನ ವರ್ಷ ಸುಯೆಜ್ ಕಾಲುವೆಯಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಅಡ್ಡ ಸಿಕ್ಕಿಕೊಂಡಿತು. ಆರು ದಿನ ಜಗತ್ತಿನ ವ್ಯಾಪಾರಕ್ಕೆ ಅಡಚಣೆ. ಹಡಗಿನ ಮೂತಿಯ ಹತ್ತಿರ ಮಣ್ಣು ಕೆರೆಯುತ್ತಿದ್ದ ಪುಟಾಣಿ ಜೆಸಿಬಿಯ ಫೋಟೊ ಸಿಕ್ಕಿದ್ದೇ ತಡ, ಹಡಗಿನ ಮೇಲೆ ‘ಪರೀಕ್ಷೆ’, ಜೆಸಿಬಿ ಮೇಲೆ ‘ನಾನು’ ಅಂತ ಬರೆದುಕೊಂಡರು. ಜೆಸಿಬಿ ಕಳಿಸಿದ್ದು ದೊಡ್ಡವರೇ, ಆ ಮಾತು ಬೇರೆ.

ದೊಡ್ಡವರ ಗಾಂಭೀರ್ಯ ಹೇಗಿರುತ್ತೆ ಅಂತ ಇವರು ನೋಡಿ ಕಲೀಬೇಕು. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಒಂದು ಪತ್ರಿಕೆ ಒಂದು ಲೆಟಿಸ್ ಸೊಪ್ಪಿನ ಮುಂದೆ ಕ್ಯಾಮೆರಾ ಇಟ್ಟು, ಪ್ರಧಾನಿ ಲಿಜ್ ಟ್ರಸ್ ಮೊದಲು ಹೋಗುತ್ತಾರೋ, ಸೊಪ್ಪು ಮೊದಲು ಬಾಡುತ್ತೋ ಅಂತ ನೇರ ಪ್ರಸಾರ ಮಾಡಿತು. ಸೊಪ್ಪಿಗೆ ವಿಗ್ ಕೂಡ ತೊಡಿಸಿದ್ದರು. ಅದೇ ತಿಂಗಳ 20ರಂದು ಪ್ರಧಾನಿ ರಾಜೀನಾಮೆ ಘೋಷಿಸಿದರು. ಸೊಪ್ಪು ಗೆದ್ದಿತು. ಇದು ಪತ್ರಿಕೋದ್ಯಮ, ಹುಡುಗರು ಮಾಡಿದ್ದರೆ ತಲೆಹರಟೆ.

ಇನ್ನೂ ಮೇಲಿನ ಮಟ್ಟದ ಗಾಂಭೀರ್ಯ ಬೇಕೇ? 2013ರ ಸುಮಾರಿಗೆ ಜಪಾನಿನ ಒಂದು ನಾಯಿಯ ಫೋಟೊ ಮೀಮ್ ಆಗಿ ಓಡಾಡಿತು. ಹೆಸರು ಡೋಜ್. ಆಮೇಲೆ ಅದರ ಹೆಸರಲ್ಲಿ ಡಿಜಿಟಲ್ ದುಡ್ಡು ಹುಟ್ಟಿತು, ಡೋಜ್‌ಕಾಯಿನ್. ಅದೂ ತಮಾಷೆಗೇ ಮಾಡಿದ್ದು. 2025ರ ಜನವರಿ 20ರಂದು ಅಧ್ಯಕ್ಷರ ಸಹಿಯೊಂದಿಗೆ ಅಮೆರಿಕ ಸರ್ಕಾರದಲ್ಲಿ ದಕ್ಷತೆ ತರುವ ಘಟಕ ಶುರುವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿದರೆ ಅದೇ ನಾಯಿ ಬರುತ್ತೆ. ಸಾವಿರಾರು ಸರ್ಕಾರಿ ನೌಕರರು ಮನೆಗೆ ಹೋದರು. ಮೀಮಿನ ಹೆಸರಿನ ಕಚೇರಿಯಿಂದ ಕೆಲಸ ಹೋದವರ ಮಕ್ಕಳಿಗೆ ನಾವು ಹೇಳಬೇಕು: ಮಗಾ, ಗಂಭೀರ ವಿಷಯದಲ್ಲಿ ಮೀಮ್ ತರಬೇಡ.

ಹದಿನಾರರ ಹುಡುಗಿಯೊಬ್ಬಳ ಫೋನಿನಲ್ಲಿ ಒಂದರ ಹಿಂದೆ ಒಂದು ಬರುವುದು ಇದು: ಬಾಂಬು ಬಿದ್ದ ಕಟ್ಟಡ. ಸೋಫಾದಿಂದ ಜಾರುವ ಬೆಕ್ಕು. ಹವಾಮಾನ ಸಮ್ಮೇಳನದ ಭಾಷಣ. ನೆಮ್ಮದಿಯ ನಿದ್ದೆಗೆ ಹಾಸಿಗೆಯ ಜಾಹೀರಾತು. ಈ ಕಲಸುಮೇಲೋಗರ ಅವಳು ಮಾಡಿದ್ದಲ್ಲ. ಭಾರಿ ಸಂಬಳದ ಎಂಜಿನಿಯರುಗಳು ಕೂತು, ಹಾಸಿಗೆ ಜಾಸ್ತಿ ಮಾರಾಟವಾಗಲಿ ಅಂತ ಲೆಕ್ಕ ಹಾಕಿ ಮಾಡಿದ್ದು. ಅವಳು ಬೆಕ್ಕಿಗೆ ನಕ್ಕು, ನಗು ಮುಗಿಯುವ ಮೊದಲೇ ಭಾಷಣಕ್ಕೆ ಬಂದಳು ಅನ್ನೋದಷ್ಟೇ ಅವಳ ತಪ್ಪು.

2025ರ ಸೆಪ್ಟೆಂಬರಿನಲ್ಲಿ ನೇಪಾಳ ಸರ್ಕಾರ 26 ಆ್ಯಪ್‌ಗಳನ್ನು ಒಟ್ಟಿಗೆ ಬಂದ್ ಮಾಡಿತು. ಹುಡುಗರು ಜಪಾನಿ ಕಾರ್ಟೂನಿನ ಕಡಲ್ಗಳ್ಳರ ಬಾವುಟ ಹಿಡಿದು ಬೀದಿಗೆ ಬಂದರು. ಶಾಲೆಯ ಸಮವಸ್ತ್ರದಲ್ಲಿದ್ದವರೂ ಇದ್ದರು. ಪೊಲೀಸರ ಗುಂಡು ಮಾತ್ರ ಕಾರ್ಟೂನಿನದಾಗಿರಲಿಲ್ಲ. ಸರ್ಕಾರ ಬಿದ್ದ ಮೇಲೆ ಡಿಸ್ಕಾರ್ಡ್‌ನಲ್ಲಿ, ಅಂದರೆ ವಿಡಿಯೊ ಗೇಮ್ ಆಡುವವರ ಹರಟೆಕಟ್ಟೆಯಲ್ಲಿ, ಮುಂದಿನ ಪ್ರಧಾನಿ ಯಾರಾಗಬೇಕು ಅಂತ ಚರ್ಚೆ ನಡೆಯಿತು. ಅಲ್ಲಿ ಮುಂದೆ ಬಂದ ಹೆಸರು ಸುಶೀಲಾ ಕರ್ಕಿ, ನಿವೃತ್ತ ಮುಖ್ಯ ನ್ಯಾಯಮೂರ್ತಿ. ಕೆಲವೇ ದಿನದಲ್ಲಿ ಅವರೇ ಪ್ರಮಾಣವಚನ ತೆಗೆದುಕೊಂಡರು. ಅಷ್ಟು ಹೊತ್ತು ಹರಟೆ ಹೊಡೆದು ಒಂದು ಲೆಟಿಸನ್ನೂ ಆರಿಸಲಿಲ್ಲ, ನೋಡಿ.

ಇದು ಹೀಗೇ ಬಿಟ್ಟರೆ ಆಗಲ್ಲ. ಹದಿಹರೆಯದವರಿಗೆ ಗಾಂಭೀರ್ಯ ಕಲಿಸಲು ತಕ್ಷಣ ಒಂದು ಇಲಾಖೆ ಬೇಕು. ಹೆಸರಿನದೇ ತಾಪತ್ರಯ. ನಾಯಿ ಆಗಲೇ ಹೋಗಿದೆ, ಬೆಕ್ಕು ಇನ್ನೂ ಖಾಲಿ ಇದೆ.