ಶಾಲು ಹೊದ್ದವರಿಗೆ ಮೈಕೂ ಕೊಡಿ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಒಬ್ಬರಿಗೆ ಶಾಲು ಹೊದಿಸಿದರೆ ಅದು ಸನ್ಮಾನವೋ ಶಿಕ್ಷೆಯೋ ಅಂತ ನನಗೆ ಅನುಮಾನ. ನಮ್ಮೂರಿನ ಬಿಸಿಲು 42, 43 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಹೋದ ಸಲ ಊರಿಗೆ ಹೋದಾಗ ಗೆಳೆಯನೊಬ್ಬ ತಮ್ಮ ಸೇವಾ ಕ್ಲಬ್ಬಿನ ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋದ. ವೇದಿಕೆ ಮೇಲೆ ಐದು ಜನ ಶಾಲು ಹೊದ್ದು, ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. ಕೊನೆಯ ಕುರ್ಚಿಯಲ್ಲಿ ಒಬ್ಬ ನಿವೃತ್ತ ಲೈನ್‌ಮನ್. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಹಳೇ ಸುಟ್ಟ ಗಾಯ, ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಶಾಲು ಜಾರಿದಾಗಲೆಲ್ಲ ಅದೇ ಕೈಯಿಂದ ಮೇಲೆ ಎಳೆದುಕೊಳ್ಳುತ್ತಿದ್ದರು. ಎರಡೂವರೆ ಗಂಟೆ ಹಾಗೇ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಅವರಿಗೆ ಮೈಕ್ ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮಾತಾಡಿದವರು ಬೇರೆ. ಉದ್ಘಾಟಕರು ಮಾತಾಡಿದರು, ಮುಖ್ಯ ಅತಿಥಿಗಳು ಮಾತಾಡಿದರು, ಆಮೇಲೆ ಗೌರವ ಅತಿಥಿಗಳು, ಆಮೇಲೆ ಅಧ್ಯಕ್ಷೀಯ ಭಾಷಣ. ಮುಖ್ಯ ಅತಿಥಿಗಳು ಬಂದಿದ್ದೇ ಒಂದೂಕಾಲು ಗಂಟೆ ತಡ. ಸನ್ಮಾನ ಪತ್ರ ಓದಿದರು ನಿಜ. ಆದರೆ ಐದೂ ಪತ್ರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿತ್ತು. ಸರಳ ಸಜ್ಜನಿಕೆ, ಅಪಾರ ಸೇವೆ, ಅನುಪಮ ಕೊಡುಗೆ. ಲೈನ್‌ಮನ್ ಪತ್ರವನ್ನು ನರ್ಸಮ್ಮನಿಗೆ ಓದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಿಂದಿನ ಸಾಲುಗಳಲ್ಲಿ ಹುಡುಗ ಹುಡುಗಿಯರು. ಅವತ್ತು ಪ್ರತಿಭಾ ಪುರಸ್ಕಾರವೂ ಇತ್ತು, ನೋಟ್‌ಬುಕ್ ವಿತರಣೆಯೂ ಇತ್ತು. ಒಬ್ಬೊಬ್ಬರನ್ನೇ ಕರೆದರು. ಬಂದರು, ನೋಟ್‌ಬುಕ್ಕಿನ ಕಟ್ಟು ಹಿಡಿದರು, ಫೋಟೋಗೆ ನಿಂತರು, ಇಳಿದು ಹೋದರು. ಅವರಲ್ಲಿ ನಾಲ್ಕೈದು ಜನ ಐಟಿಐ ಓದುವ ಹುಡುಗರು, ಎಲೆಕ್ಟ್ರಿಷಿಯನ್ ಟ್ರೇಡು. ಎದುರಿಗೇ ಜೀವನಪೂರ್ತಿ ಕಂಬ ಹತ್ತಿದ ಮನುಷ್ಯ ಕೂತಿದ್ದಾರೆ. ಇವರು ಅವರನ್ನು ನೋಡಿದ್ದು ಬೆನ್ನು ಬಗ್ಗಿಸಿ ಕಾಲು ಮುಟ್ಟಿದ ಆ ಎರಡು ಸೆಕೆಂಡು.

ಊಟಕ್ಕೆ ಅದೃಷ್ಟಕ್ಕೆ ನನಗೆ ಅವರ ಪಕ್ಕದ ಜಾಗ ಸಿಕ್ಕಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕೈ ಏನಾಯಿತು ಅಂತ ಕೇಳಿದೆ. ಅಷ್ಟೇ ಬೇಕಿತ್ತು ನೋಡಿ. ಎರಡೂವರೆ ಗಂಟೆ ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ ರೊಟ್ಟಿ ಮುರಿಯೋದನ್ನೂ ಬಿಟ್ಟು ಹೇಳತೊಡಗಿದರು.

‘ಲೈನ್ ಬಂದ್ ಮಾಡೀವಿ ಅಂತ ಫೋನ್ ಬಂದ್ರ ನಂಬಬಾರದ್ರಿ. ಕರೆಂಟ್ ಹೋದಾಗ ಯಾರೋ ಜನರೇಟರ್ ಚಾಲೂ ಮಾಡಿರ್ತಾರ. ಮೇನ್ ಸ್ವಿಚ್ ತೆಗೆದಿರೂದಿಲ್ಲ. ಆ ಮನಿ ಕಡಿಂದ ಕರೆಂಟ್ ತಿರುಗಿ ನಮ್ಮ ಲೈನಿಗೇ ಬರ್ತದ. ಟ್ರಾನ್ಸ್‌ಫಾರ್ಮರ್ ದಾಟಿತಂದ್ರ ಹನ್ನೊಂದು ಸಾವಿರ ವೋಲ್ಟ್ ಆಗ್ತದ. ಟೆಸ್ಟರ್ ಹಚ್ಚಿ ನೋಡಬೇಕು, ಅರ್ಥಿಂಗ್ ರಾಡ್ ಹಾಕಬೇಕು, ಆಮ್ಯಾಗ ಕೈ. ನಾ ಒಂದ್ ಸಲ ಗಡಿಬಿಡಿ ಮಾಡ್ದೆ. ಒಂದೇ ಸಲ.’

ಅಂದು ಆ ಕೈ ಎತ್ತಿ ತೋರಿಸಿದರು. ನೀರು ಬಡಿಸುತ್ತಿದ್ದ ಐಟಿಐ ಹುಡುಗನೊಬ್ಬ ಜಗ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದ. ಪಕ್ಕದ ಸಾಲಿನವರು ನೀರು ನೀರು ಅಂತ ಕೂಗಿದರೂ ಅವನಿಗೆ ಕೇಳಿಸಲಿಲ್ಲ. ಅವತ್ತಿನ ಇಡೀ ಕಾರ್ಯಕ್ರಮದಲ್ಲಿ ಯುವಕರಿಗೆ ನಿಜವಾಗಿ ಏನಾದರೂ ಸಿಕ್ಕಿದ್ದರೆ ಆ ಐದು ನಿಮಿಷದಲ್ಲಿ. ಅದೂ ಯಾರೂ ಅಂದುಕೊಳ್ಳದೆ, ಊಟದ ಸಾಲಿನಲ್ಲಿ.

ನಾನು ಪುಣೆಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಇಲ್ಲಿ ನಮ್ಮ ಏರಿಯಾದಲ್ಲೂ ಒಂದು ಸೇವಾ ಕ್ಲಬ್ ಇದೆ. ನಾನು ಮೆಂಬರ್ ಅಲ್ಲ, ಪಕ್ಕದ ಮನೆಯವರ ಜೊತೆ ಆಗಾಗ ಹೋಗುತ್ತೇನೆ. ಇವರೂ ಸನ್ಮಾನ ಮಾಡುತ್ತಾರೆ. ಅದಕ್ಕೆ ಸತ್ಕಾರ ಅಂತಾರೆ, ಶಾಲು-ಶ್ರೀಫಳ ಕೊಡುತ್ತಾರೆ, ಅಂದರೆ ಶಾಲು ಮತ್ತು ತೆಂಗಿನಕಾಯಿ. ಆದರೆ ಒಂದು ಸಲಕ್ಕೆ ಒಬ್ಬರಿಗೇ. ಶಾಲು ಹೊದಿಸಿದ ಮೇಲೆ ಆ ಒಬ್ಬರೇ ಮಾತಾಡಬೇಕು, ಇಪ್ಪತ್ತು ನಿಮಿಷ. ಮುಂದಿನ ಎರಡು ಸಾಲು ಕಾಲೇಜು ಹುಡುಗರಿಗೆ ಮೀಸಲು. ಪ್ರಶ್ನೆ ಕೇಳುವ ಹಕ್ಕು ಮೊದಲು ಅವರಿಗೆ. ಹೇಳಿದ ಟೈಮಿಗೆ ಶುರು, ಅತಿಥಿ ಬಂದಿರಲಿ ಬಿಡಲಿ.

ಒಮ್ಮೆ ಪುಣೆ ಪಕ್ಕದ ಭೋಸರಿಯ ವರ್ಕ್‌ಶಾಪಿನಿಂದ ಒಬ್ಬ ಹಿರಿಯ ಲೇತ್ ಆಪರೇಟರನ್ನು, ಅಂದರೆ ಕಬ್ಬಿಣ ಕಡೆಯುವ ಯಂತ್ರ ನಡೆಸುವವರನ್ನು, ಕರೆದಿದ್ದರು. ಮೊದಲು ತಡವರಿಸಿದರು. ನಂತರ ಜೇಬಿನಿಂದ ಒಂದು ಕಬ್ಬಿಣದ ತುಂಡು ತೆಗೆದು ಹುಡುಗರ ಕೈಗೆ ಕೊಟ್ಟು, ‘ಬೆರಳಿಂದ ಸವರಿ ಹೇಳಿ, ಎಲ್ಲಿ ತಪ್ಪಿದೆ’ ಅಂದರು. ಆ ತುಂಡು ಇಡೀ ಹಾಲ್ ಸುತ್ತಿ ಬಂತು. ಒಬ್ಬ ಹುಡುಗಿ ಮಾತ್ರ ಕಂಡುಹಿಡಿದಳು. ಮುಂದೆ ರಜೆಯಲ್ಲಿ ಅವಳು ಅವರ ವರ್ಕ್‌ಶಾಪಿಗೇ ಕಲಿಯಲು ಹೋದಳಂತೆ.

ಹಾಗಂತ ಪುಣೆಯೇ ಸ್ವರ್ಗ ಅಂತ ಬರೆಯಲು ಕೂತಿಲ್ಲ. ಅವತ್ತು ಕಾರ್ಯಕ್ರಮ ಮುಗಿದ ಮೇಲೆ ಒಂದು ಕಪ್ ಚಹಾ, ಎರಡು ಬಿಸ್ಕತ್ತು. ಹತ್ತು ನಿಮಿಷದಲ್ಲಿ ಹಾಲ್ ಖಾಲಿ. ನಾನು ಸ್ಕೂಟರ್ ತೆಗೆದು ಹೊರಗೆ ಬಂದರೆ ಆ ಲೇತ್ ಅಜ್ಜ ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಸ್ ಸ್ಟಾಪಿನಲ್ಲಿ ಒಬ್ಬರೇ ನಿಂತಿದ್ದರು. ಮನೆಗೆ ಹೇಗೆ ಹೋಗ್ತೀರಿ ಅಂತ ಯಾರೂ ಕೇಳಿರಲಿಲ್ಲ. ನಾನೇ ಬಿಟ್ಟು ಬಂದೆ.

ನಮ್ಮೂರಲ್ಲಿ ಇದು ಸಾಧ್ಯವೇ ಇಲ್ಲ. ಶರಣಬಸವೇಶ್ವರರ ದಾಸೋಹದ ಊರು ಅದು. ಉಣ್ಣದೆ ಕಳಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತ ತಿಳಿದ ಜನ. ಲೈನ್‌ಮನ್‌ಗೆ ಮನೆಯವರಿಗೆ ಅಂತ ಊಟ ಕಟ್ಟಿಕೊಟ್ಟರು, ಕಾರಿನಲ್ಲಿ ಕೂರಿಸಿ ಮನೆ ಬಾಗಿಲಿಗೆ ಬಿಟ್ಟರು. ಕ್ಲಬ್ಬಿನ ಅಧ್ಯಕ್ಷನೇ ಕಾರು ಓಡಿಸಿದ. ಈ ಒಂದು ವಿಷಯದಲ್ಲಿ ಪುಣೆಯವರು ನಮ್ಮಲ್ಲಿ ಬಂದು ಟ್ಯೂಷನ್ ತಗೋಬೇಕು.

ನೆನಪಿನ ಕಾಣಿಕೆಯ ಬಗ್ಗೆ ಒಂದು ಮಾತು, ಸುಮ್ನೆ. ಐದೂ ಜನಕ್ಕೆ ಕೊಟ್ಟಿದ್ದು ಅಕ್ರಿಲಿಕ್ಕಿನ ಫಲಕ. ಪಕ್ಕದಲ್ಲೇ ಬೀದರ್ ಇದೆ, 2017ರಿಂದ ನೇರ ರೈಲು ಮಾರ್ಗವೂ ಇದೆ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನ ನೀರಲ್ಲಿ ಅದ್ದಿ ಕಪ್ಪು ಮಾಡುವ ಬಿದರಿ ಕೆಲಸ ಅಲ್ಲಿದೆ. ಆ ಕೆಲಸಕ್ಕೆ 2006ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಒಂದು ಸಣ್ಣ ಬಿದರಿ ಡಬ್ಬಿ ತಂದು ಪುಣೆಯ ಕ್ಲಬ್ಬಿಗೆ ಕೊಟ್ಟಿದ್ದೆ. ಒಂದು ವಾರ ಎಲ್ಲರೂ ಅದರ ಬಗ್ಗೆಯೇ ಕೇಳಿದರು. ದುಬಾರಿ ಅಂತೀರಾ? ಐದು ಜನಕ್ಕೆ ಬದಲು ಒಬ್ಬರಿಗೆ ಕೊಡಿ.

ಇನ್ನು ನೋಟ್‌ಬುಕ್ಕಿಗೆ ಬರೋಣ. ನನಗೆ ಜಾಸ್ತಿ ಹೊಟ್ಟೆಯುರಿಯುವುದು ಇಲ್ಲಿ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಪಾಸಾದವರು ನೂರಕ್ಕೆ 42 ಚಿಲ್ಲರೆ. ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಕಾರಣ ಹತ್ತಾರು ಇರಬಹುದು. ಒಂದನ್ನು ನಾನು ಪುಣೆಯಲ್ಲಿ ಕುಳಿತೇ ಕಣ್ಣಾರೆ ನೋಡುತ್ತೇನೆ. ತೊಗರಿ ರಾಶಿ ಮುಗಿಯುತ್ತಿದ್ದಂತೆ ನಮ್ಮ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಜನ ಇಲ್ಲಿನ ಕಟ್ಟಡ ಕೆಲಸಕ್ಕೆ ಬರುತ್ತಾರೆ. ನಮ್ಮ ಸೊಸೈಟಿ ಹಿಂದೆ ಕಟ್ಟುತ್ತಿರುವ ಬಿಲ್ಡಿಂಗಿನಿಂದ ಸಂಜೆಗೆ ‘ಏ ನೀರ್ ತಗೊಂಬಾ’ ಅಂತ ನಮ್ಮದೇ ಮಾತು ಕೇಳಿಸುತ್ತದೆ. ಹೋಗಿ ನೋಡಿದರೆ ಇಟ್ಟಿಗೆ ರಾಶಿ ಪಕ್ಕ ಹತ್ತನೇ ಕ್ಲಾಸಿನ ಹುಡುಗಿ, ತಮ್ಮನನ್ನು ಎತ್ತಿಕೊಂಡು. ಪರೀಕ್ಷೆ ಮಾರ್ಚಿನಲ್ಲಿ. ಮೇ ತಿಂಗಳಲ್ಲಿ ಕೊಟ್ಟ ನೋಟ್‌ಬುಕ್ಕು ಅವಳ ಯಾವ ಕಷ್ಟಕ್ಕೆ ಬಂತು?

ಇದಕ್ಕೆ ಉತ್ತರ ಅವತ್ತು ಅದೇ ವೇದಿಕೆಯ ಮೇಲೆ ಶಾಲು ಹೊದ್ದು ಕೂತಿತ್ತು. ಮೂರನೇ ಕುರ್ಚಿಯ ಟೀಚರಮ್ಮ. ಸನ್ಮಾನ ಪತ್ರದಲ್ಲಿ ‘ಶಿಕ್ಷಣ ಕ್ಷೇತ್ರದಲ್ಲಿ ಅಪಾರ ಸೇವೆ’ ಅಂತ ಒಂದು ಸಾಲು. ಗೆಳೆಯ ಆಮೇಲೆ ಹೇಳಿದ, ಆಕೆ ಪ್ರತಿ ವರ್ಷ ಜನವರಿಯಿಂದ ಪರೀಕ್ಷೆ ಮುಗಿಯುವ ತನಕ ನಾಲ್ಕೈದು ಹುಡುಗಿಯರನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಪ್ಪ ಅಮ್ಮ ದುಡಿಯಲು ಹೋಗಲಿ, ಮಗಳು ನಮ್ಮ ಮನೆಯಲ್ಲಿರಲಿ ಅಂತ. ಅಕ್ಕಿ, ಬೇಳೆ ಎಲ್ಲಾ ತನ್ನ ಸಂಬಳದ್ದು. ಅಲ್ರೀ, ಇದನ್ನು ಬಿಟ್ಟು ಅಪಾರ ಸೇವೆ ಅಂತ ಬರೆದರೆ ಕೇಳುವವರಿಗೆ ಏನು ತಿಳಿಯಬೇಕು? ನೋಟ್‌ಬುಕ್ಕಿಗೆ ಹಾಕಿದ ದುಡ್ಡಿಗೆ ಆ ಮೂರು ತಿಂಗಳು ಇನ್ನೂ ಒಂದಷ್ಟು ಹುಡುಗಿಯರು ಉಣ್ಣುತ್ತಿದ್ದರು. ಯಾವ ಹುಡುಗಿ ಊರು ಬಿಡುವ ಹಂತದಲ್ಲಿದ್ದಾಳೆ ಅಂತ ಕ್ಲಬ್ಬಿನವರಿಗೆ ಗೊತ್ತಾಗುವುದಿಲ್ಲ, ಆಕೆಗೆ ಗೊತ್ತು. ಹಾರ ಹಾಕಿ ಕಳಿಸುವ ಬದಲು ಕೂರಿಸಿಕೊಂಡು ಕೇಳಬೇಕಿತ್ತು.

ಗೆಳೆಯನಿಗೆ ಇದನ್ನೇ ಹೇಳಿದೆ. ಅವನ ಉತ್ತರದಲ್ಲೂ ಹುರುಳಿತ್ತು. ‘ಜುಲೈ ಒಂದಕ್ಕ ಹೊಸ ಅಧ್ಯಕ್ಷ ಬರ್ತಾನ ದೋಸ್ತ. ನಾ ಜನವರಿಗೆ ಅಂತ ಶುರು ಮಾಡಿದ್ದು ಅವನ ಕೈಗೆ ಹೋಗ್ತದ. ಅವಂಗ ಬ್ಯಾರೆ ಏನರ ಮಾಡಬೇಕಂತ ಇರ್ತದ.’ ರೋಟರಿ ಇರಲಿ, ಲಯನ್ಸ್ ಇರಲಿ, ಇವುಗಳ ವರ್ಷ ಜುಲೈ 1ರಿಂದ ಜೂನ್ 30. ಪದಗ್ರಹಣ, ಪದಗ್ರಹಣ, ಪದಗ್ರಹಣ. ಒಬ್ಬ ತಂದ ಹೊಲಿಗೆ ಯಂತ್ರಕ್ಕೆ ಮುಂದಿನವನ ಕಾಲದಲ್ಲಿ ಎಣ್ಣೆ ಹಾಕುವವರಿಲ್ಲ.

ಆದರೂ ಇದೇ ರೋಟರಿ 1985ರಲ್ಲಿ ಪೋಲಿಯೊ ಕೆಲಸ ಹಿಡಿದು, ಭಾರತಕ್ಕೆ ಪೋಲಿಯೊ ಮುಕ್ತ ಅಂತ 2014ರಲ್ಲಿ ಪ್ರಮಾಣಪತ್ರ ಸಿಗುವ ತನಕ ಬಿಡಲಿಲ್ಲ. ಆ ಅವಧಿಯಲ್ಲಿ ಪ್ರತಿ ಕ್ಲಬ್ಬಿನಲ್ಲೂ ಮೂವತ್ತರ ಹತ್ತಿರ ಅಧ್ಯಕ್ಷರು ಬಂದು ಹೋಗಿರಬೇಕು. ಶಾಲೆ ಮಕ್ಕಳಿಗೆ ರೋಟರಿಯದೇ ಇಂಟರ್ಯಾಕ್ಟ್ ಕ್ಲಬ್ 1962ರಿಂದ ಇದೆ, ಅದಕ್ಕಿಂತ ದೊಡ್ಡವರಿಗೆ ರೋಟರ್ಯಾಕ್ಟ್ 1968ರಿಂದ. ಚೌಕಟ್ಟು ಸಿದ್ಧವಿದೆ. ಪುಣೆಯ ಈ ಕ್ಲಬ್ಬಿನಲ್ಲಿ ಒಂದು ಸಣ್ಣ ಉಪಾಯ ಮಾಡಿದ್ದಾರೆ. ಸ್ಕಾಲರ್‌ಶಿಪ್ಪಿನ ಕಮಿಟಿಯಲ್ಲಿ ಹೋದ ವರ್ಷದ, ಈ ವರ್ಷದ, ಬರುವ ವರ್ಷದ ಅಧ್ಯಕ್ಷರು ಮೂವರೂ ಇರಬೇಕು. ಒಂದು ಹುಡುಗನನ್ನು ಹಿಡಿದರೆ ಅವನ ಕೋರ್ಸ್ ಮುಗಿಯುವ ತನಕ ಬಿಡುವ ಹಾಗಿಲ್ಲ. ದುಡ್ಡೇನೂ ಜಾಸ್ತಿ ಬೇಕಾಗಲಿಲ್ಲ.

ಮೊನ್ನೆ ಗೆಳೆಯ ಫೋನ್ ಮಾಡಿದ್ದ. ಎಂದಿನಂತೆ ದೇಣಿಗೆಗೆ. ಶಾಲಿಗೂ ಫಲಕಕ್ಕೂ ಒಂದು ಪೈಸೆ ಕೊಡಲ್ಲ, ಟೀಚರಮ್ಮನ ಮನೆಗೆ ಮೂರು ತಿಂಗಳ ರೇಷನ್ ಅಂದರೆ ಈಗಲೇ ಕಳಿಸ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅತಿಥಿಗಳ ಮುಂದ ಲೈನ್‌ಮನ್‌ಗೆ ಇಪ್ಪತ್ತ್ ನಿಮಿಷ ಕೊಟ್ರ ಅವರು ಸಿಟ್ಟಾಗ್ತಾರಲೇ’ ಅಂದ. ಅತಿಥಿಗಳನ್ನೇ ಕರೀಬೇಡ ಅಂದೆ. ನಕ್ಕ. ನಿನ್ನೆ ಮತ್ತೆ ಫೋನ್. ಲೈನ್‌ಮನ್ ಮನೆಗೆ ಹೋಗಿ ಕೇಳಿದನಂತೆ. ಅವರು ಸ್ಟೇಜ್ ಅಂದ ತಕ್ಷಣ ಕೈ ಅಡ್ಡ ಆಡಿಸಿದರಂತೆ. ‘ಮೈಕ್ ನನಗ ಬರೂದಿಲ್ರಿ. ಹುಡುಗರ್ನ ಕಂಬ ಇದ್ದಲ್ಲಿ ಕರಕೊಂಡ್ ಬರ್ರಿ, ಅಲ್ಲೇ ಹೇಳ್ತೀನಿ’ ಅಂದರಂತೆ. ಯಾವ ವಾರ ಅಂತ ಇನ್ನೂ ಗೊತ್ತಾಗಿಲ್ಲ. ಮಳೆ ನೋಡಿಕೊಂಡು ಅಂದಿದ್ದಾನೆ.