ಹಾಸಿಗೆ ಇದ್ದಷ್ಟೇ ಮಕ್ಕಳು

ಬ್ಲಾಕ್ ಜೋಡಿಸಿ ಆಡುವ ಮೈನ್‌ಕ್ರಾಫ್ಟ್ ಅನ್ನುವ ವಿಡಿಯೋ ಗೇಮ್‌ನಲ್ಲಿ ಕಟ್ಟುವವರಿಗೇನೂ ಬರವಿಲ್ಲ. ಕೋಟೆ ಕಟ್ಟುತ್ತಾರೆ, ಗೋಪುರ ಕಟ್ಟುತ್ತಾರೆ, ಸಮುದ್ರದ ತಳದಲ್ಲಿ ಗಾಜಿನ ಅರಮನೆಯನ್ನೂ ಕಟ್ಟುತ್ತಾರೆ. ಆದರೆ ಊರು ಅಂದಮೇಲೆ ಜನ ಬೇಕಲ್ವಾ? ಗೋಳು ಶುರುವಾಗುವುದೇ ಅಲ್ಲಿ. ಮನೆಯನ್ನು ನಾವು ಕಟ್ಟಬಹುದು, ಮಕ್ಕಳನ್ನು ಮಾತ್ರ ವಿಲೇಜರ್‌ಗಳೇ, ಅಂದರೆ ಆಟದೊಳಗಿನ ಊರಿನವರೇ, ಹುಟ್ಟಿಸಬೇಕು. ಅದಕ್ಕೆ ಅವರು ಕೇಳುವುದು ಎರಡೇ: ಹೊಟ್ಟೆಗೆ ಊಟ, ಮಲಗಲು ಹಾಸಿಗೆ.

ಮೊದಲು ಊಟದ ಸುದ್ದಿ. ಮಗು ಬೇಕು ಅಂತ ಮನಸ್ಸಾಗಲು ಒಬ್ಬೊಬ್ಬರ ಹತ್ತಿರವೂ 3 ಬ್ರೆಡ್ ಇರಬೇಕು, ಇಲ್ಲದಿದ್ದರೆ 12 ಕ್ಯಾರೆಟ್ಟೋ 12 ಆಲೂಗಡ್ಡೆಯೋ ಆದರೂ ಆದೀತು. ಇಬ್ಬರಲ್ಲಿ ಯಾರು ಗಂಡ, ಯಾರು ಹೆಂಡತಿ ಅಂತ ಆಟ ಹೇಳುವುದಿಲ್ಲ. ನಾನೂ ಕೇಳಲು ಹೋಗಿಲ್ಲ. ಇಬ್ಬರಿಗೂ ಸಮನಾಗಿ ಸಿಗಲಿ ಅಂತ ಬ್ರೆಡ್ಡನ್ನು ಸರಿಯಾಗಿ ನಡುವೆ ಎಸೆದೆ. ಒಬ್ಬ ಬಂದು ಎಲ್ಲವನ್ನೂ ಬಾಚಿಕೊಂಡ. ಇನ್ನೊಬ್ಬ ಕೈಕಟ್ಟಿ ನಿಂತು "ಹ್ಞಂ" ಅಂದ. ವಿಲೇಜರ್‌ಗಳಿಗೆ ಗೊತ್ತಿರುವ ಭಾಷೆ ಅಷ್ಟೇ. ಖುಷಿಯಾದರೂ ಹ್ಞಂ, ಸಿಟ್ಟು ಬಂದರೂ ಹ್ಞಂ.

ಮತ್ತೊಂದಿಷ್ಟು ಬ್ರೆಡ್ ಸುರಿದ ಮೇಲೆ ಇಬ್ಬರೂ ಎದುರುಬದುರಾಗಿ ನಿಂತರು. ತಲೆಯ ಮೇಲೆ ಕೆಂಪು ಹೃದಯಗಳು ಪುಟಪುಟ ಅಂತ ಎದ್ದವು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಇನ್ನೇನು ಮಗು ಬಂತು ಅನ್ನುವಷ್ಟರಲ್ಲಿ ಹೃದಯ ಹೋಗಿ ಬೂದು ಬಣ್ಣದ ಮೋಡ ಬಂತು. ಇಬ್ಬರೂ ಮುಖ ತಿರುಗಿಸಿ ತಮ್ಮ ತಮ್ಮ ದಾರಿ ಹಿಡಿದರು. ಒಂದು ಬುಟ್ಟಿ ಬ್ರೆಡ್ ದಂಡ!

ಕಾರಣ ಹಾಸಿಗೆ. ಹುಟ್ಟುವ ಮಗುವಿಗೆ ಅಂತಲೇ ಖಾಲಿ ಹಾಸಿಗೆಯೊಂದು ಮೊದಲೇ ಕಾದಿರಬೇಕು. ನಾನು ಇಟ್ಟಿರಲಿಲ್ಲವೇ? ಇಟ್ಟಿದ್ದೆ. ಜಾಗ ಉಳಿಯಲಿ ಅಂತ ರೈಲಿನ ಬರ್ತ್‌ನ ಹಾಗೆ ಒಂದರ ಮೇಲೊಂದು ಜೋಡಿಸಿದ್ದೆ. ಆದರೆ ಹಾಸಿಗೆಯ ಮೇಲೆ ಎರಡು ಬ್ಲಾಕ್‌ನಷ್ಟು ಜಾಗ ಖಾಲಿ ಇರಬೇಕಂತೆ. ಯಾಕೆ ಅಂದರೆ ಮಗು ಕುಣಿಯಬೇಕು! ಇನ್ನೂ ಹುಟ್ಟೇ ಇಲ್ಲ, ಆಗಲೇ ಅದರ ತಲೆಗೆ ಸೂರು ಬಡಿದೀತು ಅನ್ನುವ ಚಿಂತೆ.

ಹಿಂದಿನ ಕಾಲವೇ ವಾಸಿ. 2019ರ 1.14 ಅಪ್‌ಡೇಟ್ ಬರುವವರೆಗೆ ಆಟ ಎಣಿಸುತ್ತಿದ್ದದ್ದು ಹಾಸಿಗೆಯನ್ನಲ್ಲ, ಬಾಗಿಲನ್ನು. ಜನ ಮನೆ ಕಟ್ಟುವ ಗೊಡವೆಗೇ ಹೋಗದೆ ಸಾಲಾಗಿ ಬಾಗಿಲು ನಿಲ್ಲಿಸುತ್ತಿದ್ದರು, ಊರು ತುಂಬುತ್ತಿತ್ತು.

ಈಗ ಒಂದು ಹಾಸಿಗೆಗೆ 3 ಹಲಗೆ, 3 ಉಣ್ಣೆ ಬೇಕು. ಉಣ್ಣೆಯೂ ಒಂದೇ ಬಣ್ಣದ್ದಾಗಿರಬೇಕು. ಉಣ್ಣೆ ಬೇಕೆಂದರೆ ಕುರಿ ಸಾಕಬೇಕು. ಕುರಿ ಮರಿ ಹಾಕಬೇಕೆಂದರೆ ಗೋಧಿ ತಿನ್ನಿಸಬೇಕು. ಆ ಕಡೆ ಒಂದು ಬ್ರೆಡ್ಡಿಗೆ 3 ಗೋಧಿ. ಅಂದರೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 18. ಹೀಗಾಗಿ ಇದ್ದ ಒಂದು ಹೊಲಕ್ಕೆ ಕುರಿಗಳೂ ಬಾಯಿ ಹಾಕಿದವು, ವಿಲೇಜರ್‌ಗಳೂ ಬಾಯಿ ಹಾಕಿದರು. ಅವಸರದಲ್ಲಿ ಬೇಲಿಯಿಂದ ಹೊಲಕ್ಕೆ ಹಾರಿದರೆ ಕಾಲಡಿಯ ಪೈರು ಕಿತ್ತುಹೋಗಿ ಉತ್ತ ನೆಲ ಮತ್ತೆ ಬರೀ ಮಣ್ಣು. ಕೋಟೆ ಕಟ್ಟುವ ಕನಸು ಹೊತ್ತು ಬಂದವನು ದಿನವಿಡೀ ಗುದ್ದಲಿ, ಕತ್ತರಿ ಹಿಡಿದು ಓಡಾಡುತ್ತಿದ್ದೆ.

ಕೊನೆಗೂ ಮಗು ಹುಟ್ಟಿತು. 20 ನಿಮಿಷದಲ್ಲಿ ದೊಡ್ಡದೂ ಆಯಿತು. ಆಟದ ಲೆಕ್ಕದಲ್ಲಿ ಒಂದು ದಿನ. ನಿನ್ನೆ ಹಾಸಿಗೆ ಮೇಲೆ ಕುಣಿಯುತ್ತಿದ್ದವನು ಇವತ್ತು ನಿರುದ್ಯೋಗಿ. ಅವನನ್ನು ಪುಸ್ತಕ ಮಾರುವವನನ್ನಾಗಿ ಮಾಡೋಣ ಅಂತ ಅವನ ಮೂಗಿನ ಕೆಳಗೇ ಒಂದು ಲೆಕ್ಟರ್ನ್, ಅಂದರೆ ಪುಸ್ತಕ ಇಡುವ ಪೀಠ, ಇಟ್ಟೆ. ಅದನ್ನು ಹಿಡಿದವನಿಗೇ ಆ ಕೆಲಸ. ಮೂಗು ದೊಡ್ಡದಿದೆ, ಜಾಗಕ್ಕೇನೂ ಕೊರತೆಯಿಲ್ಲ. ಇವನು ಕದಲಲೇ ಇಲ್ಲ. ಊರಿನ ಆ ತುದಿಯಲ್ಲಿ, ಎರಡು ಮನೆಗಳ ಆಚೆ ನಿಂತಿದ್ದ ಇನ್ಯಾವನೋ ಅಲ್ಲಿಂದಲೇ ಆ ಕೆಲಸ ಗಿಟ್ಟಿಸಿಕೊಂಡ. ಲೆಕ್ಟರ್ನ್ ಒಡೆದೆ, ಅವನ ಕೆಲಸ ಹೋಯಿತು. ಮತ್ತೆ ಇಟ್ಟೆ, ಮತ್ತೆ ಅವನೇ. ಛಲ ಅಂದರೆ ಇದು ಅನ್ನಿಸಿ ಸುಮ್ಮನಾದೆ.

ಇನ್ನು ಹಸಿರು ಅಂಗಿಯ ನಿಟ್‌ವಿಟ್. ಅವನಿಗೆ ಯಾವ ಕೆಲಸ ಕೊಟ್ಟರೂ ಬೇಡ. ಬ್ರೆಡ್ ಬೇಕು, ಹಾಸಿಗೆ ಬೇಕು, ಸಂಸಾರವೂ ಬೇಕು. ನಿಜ ಹೇಳಬೇಕೆಂದರೆ ಊರಲ್ಲಿ ನೆಮ್ಮದಿಯಾಗಿರುವವನು ಅವನೊಬ್ಬನೇ.

ಹುಟ್ಟಿಸಿದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಪಾಡು. ಆಟದ ಕಷ್ಟದ ಮಟ್ಟವಾದ ಹಾರ್ಡ್ ಮೋಡ್‌ನಲ್ಲಿ ಜಾಂಬಿಯ, ಅಂದರೆ ನಡೆದಾಡುವ ಹೆಣದ, ಕೈಯಲ್ಲಿ ಸತ್ತ ವಿಲೇಜರ್ ತಪ್ಪದೆ ಜಾಂಬಿಯಾಗಿ ಏಳುತ್ತಾನೆ, ನಾರ್ಮಲ್‌ನಲ್ಲಾದರೆ ಅರ್ಧಕ್ಕರ್ಧ ಸಂಭವ. ಒಂದು ರಾತ್ರಿ ಒಂದೇ ಒಂದು ಜಾಂಬಿ ನುಗ್ಗಿತು. ನಾನು ಓಡಿಹೋಗಿ ಗಂಟೆ ಬಾರಿಸಿದೆ. ಗಂಟೆ ಕೇಳಿದರೆ ಎಲ್ಲರೂ ಮನೆ ಸೇರಬೇಕು, ಸೇರಿದರು ಕೂಡ. ಜಾಂಬಿ ಇದ್ದ ಮನೆಯವರು ಆ ಮನೆಗೇ ಸೇರಿದರು. ಬೆಳಗಾಗುವ ಹೊತ್ತಿಗೆ ನನ್ನ ಗೋಧಿಯೆಲ್ಲ ಹಸಿರು ಮುಖ ಹೊತ್ತು ಗುರುಗುಡುತ್ತಿತ್ತು. ಬಲಗುಂದಿಸುವ ಪೋಷನ್ ಎರಚಿ ಚಿನ್ನದ ಸೇಬು ತಿನ್ನಿಸಿದರೆ ಗುಣವಾಗುತ್ತಾರೆ ನಿಜ. ಗುಣವಾದವನು ಋಣ ನೆನೆದು ಸಾಮಾನನ್ನು ಕಡಿಮೆ ಬೆಲೆಗೂ ಕೊಡುತ್ತಾನೆ. ಆದರೆ ಒಂದು ಸೇಬಿಗೆ ಎಂಟು ಚಿನ್ನದ ಗಟ್ಟಿ ಸುರಿಯಬೇಕು. ಮೂವರಿಗೆ ಮದ್ದು ಮಾಡುವಷ್ಟರಲ್ಲಿ ನನ್ನ ಪೆಟ್ಟಿಗೆ ಬರಿದಾಯಿತು.

ಅಂತೂ ಊರು ತುಂಬಿತು. ಎಷ್ಟು ತುಂಬಿತೆಂದರೆ ಒಂದು ಸಂಜೆ ನಾನು ಮನೆಗೆ ಬಂದಾಗ ನನ್ನ ಹಾಸಿಗೆಯಲ್ಲಿ ಹಸಿರು ಅಂಗಿಯವನು ಕಾಲು ಚಾಚಿ ಮಲಗಿದ್ದ. "ಏಳೋ ಮಾರಾಯ" ಅಂತ ಹಾಸಿಗೆಯ ಮೇಲೆ ಕ್ಲಿಕ್ ಮಾಡಿದೆ. ಎದ್ದ. ಎದ್ದು ಪಕ್ಕದಲ್ಲೇ ನಿಂತ. ನಾನು ಮಲಗಿದೆ, ಅವನು ನನ್ನನ್ನೇ ನೋಡುತ್ತಾ "ಹ್ಞಂ" ಅಂದ. ಮರುದಿನವೂ ಅದೇ ಕತೆ. ಮರದ ಬಾಗಿಲು ತೆಗೆಯಲು ವಿಲೇಜರ್‌ಗಳಿಗೆ ಚೆನ್ನಾಗಿ ಬರುತ್ತದೆ, ಕಬ್ಬಿಣದ್ದು ಬರುವುದಿಲ್ಲ. ಈಗ ನನ್ನ ಮನೆಗೆ ಕಬ್ಬಿಣದ ಬಾಗಿಲಿದೆ, ಬಟನ್ ಒತ್ತಿದರೆ ಮಾತ್ರ ತೆಗೆಯುವಂಥದ್ದು. ನೋಡಿದವರು ಜಾಂಬಿಗೆ ಹೆದರಿ ಹಾಕಿಸಿದ್ದಾನೆ ಅಂದುಕೊಳ್ಳುತ್ತಾರೆ.