ಒಂದು ಯುದ್ಧ ಆಗಿಯೇ ಹೋಗ್ಲಿ ಅನ್ನುವವರಿಗೆ

ಇವತ್ತು ಬೆಳಿಗ್ಗೆ ಬದಿಯಡ್ಕ ಪೇಟೆಗೆ ಅಡಿಕೆಯ ಮದ್ದಿಗೆ ಮೈಲುತುತ್ತು ತರ್ಲಿಕ್ಕೆ ಹೋಗಿದ್ದೆ. ಮಳೆ ಎರಡು ದಿನ ಬಿಟ್ಟಿದೆ, ಎರಡನೇ ಮದ್ದು ಬಿಡುವವರು ನಾಳೆ ಬರ್ತೇವೆ ಅಂತ ಒಪ್ಪಿದ್ದಾರೆ, ಈಗ ತಪ್ಪಿದ್ರೆ ಕೊಳೆರೋಗ ಹಿಡಿದು ಎಳೆ ಅಡಿಕೆ ಎಲ್ಲ ಮರದ ಬುಡಕ್ಕೆ. ಅಂಗಡಿ ಬಾಗಿಲು ತೆರೆದಿರಲಿಲ್ಲ, ಪಕ್ಕದ ಹೋಟ್ಲಲ್ಲಿ ಚಾ ಹೇಳಿ ಕೂತೆ. ಟಿವಿಯಲ್ಲಿ ಅಮೆರಿಕ, ಚೀನಾ, ಸುಂಕ, ತೈವಾನ್, ಯುದ್ಧದ ಹಡಗು, ಕ್ಷಿಪಣಿ, ಹಿಂದಿನಿಂದ ಢಂ ಢಂ ಅಂತ ಮ್ಯೂಸಿಕ್. ಎದುರಿನ ಬೆಂಚಿನಲ್ಲಿ ಒಬ್ಬ ಹುಡುಗ, ಇಪ್ಪತ್ತೈದು ಆಗಿರ್ಬಹುದು, ಬನ್ಸ್ ಮುರೀತಾ ಹೇಳಿದ, "ಒಂದು ಸರ್ತಿ ಆಗಿಯೇ ಹೋಗ್ಲಿ ಮಾವ, ಇಬ್ಬರಲ್ಲಿ ಒಬ್ಬ ಮುಗೀಲಿ, ಮತ್ತೆ ನಮ್ಮದೇ ಕಾಲ." ಅವನ ಪಕ್ಕದಲ್ಲಿದ್ದ ಹಿರಿಯರು, ಅಡಿಕೆ ವ್ಯಾಪಾರದವರು, "ಹೌದು, ಹೊರಗಿನ ಮಾಲು ನಿಂತ್ರೆ ನಮ್ಮ ಚಾಲಿಗೆ, ಒಣಗಿಸಿದ ಅಡಿಕೆಗೆ, ರೇಟು ಬರ್ತದೆ" ಅಂದ್ರು.

ಚಾ ಗಂಟಲಲ್ಲಿ ಇಳೀಲಿಲ್ಲ. ದುಡ್ಡು ಇಟ್ಟು ಎದ್ದು ಬಂದೆ. ಅಲ್ಲಿ ಹೇಳ್ಬೇಕಾದದ್ದನ್ನು ಹೇಳ್ಲಿಕ್ಕೆ ಆಗ್ಲಿಲ್ಲ, ಸಿಟ್ಟು ಬಂದ್ರೆ ನನಗೆ ಮಾತು ಕಟ್ಟುತ್ತದೆ, ಹಾಗಾಗಿ ಇಲ್ಲಿ ಬರೀತಾ ಇದ್ದೇನೆ, ಉದ್ದ ಆದ್ರೆ ಬೇಜಾರು ಮಾಡ್ಬೇಡಿ.

ನನ್ನನ್ನು ಬಲ್ಲವರಿಗೆ ನನ್ನ ಸಿಟ್ಟಿನ ಕಾರಣ ಗೊತ್ತುಂಟು. 1990ರ ಆಗಸ್ಟ್ 2ರ ಬೆಳಿಗ್ಗೆ ನಾನು ಕುವೈತಿನಲ್ಲಿ ಒಂದು ಬಕಾಲದ, ಅಂದ್ರೆ ದಿನಸಿ ಅಂಗಡಿಯ, ಶಟರ್ ಎತ್ತುತ್ತಾ ಇದ್ದೆ. ಇಪ್ಪತ್ನಾಲ್ಕು ವರ್ಷ ನನಗೆ. ಊರಲ್ಲಿ ತಂಗಿಯ ಮದುವೆಗೆ ಮಾಡಿದ ಸಾಲ ಅರ್ಧ ತೀರಿತ್ತು. ರಸ್ತೆಯಲ್ಲಿ ಟ್ಯಾಂಕು ಬಂತು. ಮೂರನೇ ದಿನವೋ ನಾಲ್ಕನೇ ದಿನವೋ ಒಬ್ಬ ಇರಾಕಿ ಸೈನಿಕ ಅಂಗಡಿ ಒಳಗೆ ಬಂದ, ನಾನು ಕೈ ಎತ್ತಿ ಗೋಡೆಗೆ ಒತ್ತಿ ನಿಂತೆ, ಅವ ನನ್ನ ಕಡೆ ನೋಡಲೂ ಇಲ್ಲ, ಶೆಲ್ಫಿನಿಂದ ಒಂದು ಬಿಸ್ಕೆಟ್ ಪ್ಯಾಕೆಟು ತೆಗೆದು ನಿಂತಲ್ಲೇ ಹಲ್ಲಿನಿಂದ ಹರಿದು ತಿಂದ. ಬೂಟಿನ ತುದಿ ಬಾಯಿ ತೆರೆದಿತ್ತು. ಮೀಸೆ ಸರಿಯಾಗಿ ಬಂದಿರಲಿಲ್ಲ. ಆಮೇಲೆ ಒಂದು ಸಾಬೂನು ತೆಗೆದು ಮೂಸಿ ನೋಡಿ ಕಿಸೆಗೆ ಹಾಕಿ ಹೋದ. ಹಸಿದ ಹುಡುಗ ಅವ. ಆ ಚಿತ್ರ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ.

ಎಲ್ಲರೂ ಸದ್ದಾಂ ಹುಚ್ಚ, ಅದಕ್ಕೆ ಯುದ್ಧ ಆಯ್ತು ಅಂತ ಹೇಳ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಹೇಳ್ತಾ ಇದ್ದೆ. ಆಮೇಲೆ ಓದ್ತಾ ಓದ್ತಾ ಗೊತ್ತಾದದ್ದು ಬೇರೆ. ಇರಾನಿನ ಜೊತೆ ಎಂಟು ವರ್ಷ ಹೊಡೆದಾಡಿ 1988ರಲ್ಲಿ ಇರಾಕ್ ಕೈ ಕೊಡವಿ ಎದ್ದಾಗ ಅದರ ತಲೆ ಮೇಲೆ ಸಾವಿರಾರು ಕೋಟಿ ಡಾಲರಿನಷ್ಟು ಸಾಲ, ಅದರಲ್ಲಿ ಕುವೈತಿನದ್ದೇ ಸುಮಾರು 1,400 ಕೋಟಿ. ಹತ್ತು ಲಕ್ಷದ ಸೈನ್ಯ ಇತ್ತು, ಮನೆಗೆ ಕಳಿಸಿದ್ರೆ ಕೊಡ್ಲಿಕ್ಕೆ ಕೆಲಸ ಇರಲಿಲ್ಲ. ಮನ್ನಾ ಮಾಡಿ ಅಂದ್ರೆ ಕುವೈತ್ ಒಪ್ಲಿಲ್ಲ. ಅದರ ಮೇಲೆ ಕುವೈತ್ ತನ್ನ ಪಾಲಿಗಿಂತ ಹೆಚ್ಚು ಎಣ್ಣೆ ತೆಗೀತಾ ಇತ್ತು, 1990ರ ಮೊದಲ ಆರು ತಿಂಗಳಲ್ಲಿ ಎಣ್ಣೆ ಬೆಲೆ ಬಿತ್ತು, ಬೆಲೆ ಒಂದು ಡಾಲರ್ ಇಳಿದ್ರೆ ನಮಗೆ ವರ್ಷಕ್ಕೆ ನೂರು ಕೋಟಿ ಡಾಲರ್ ಲುಕ್ಸಾನು ಅಂತ ಇರಾಕಿನ ಲೆಕ್ಕ. ಆ ಮೇ ತಿಂಗಳಲ್ಲಿ ಬಾಗ್ದಾದಿನ ಅರಬ್ ಸಭೆಯಲ್ಲಿ ಸದ್ದಾಂ ಬಾಯಿ ಬಿಟ್ಟು ಹೇಳಿದ್ದ, ಇದೂ ಒಂದು ತರದ ಯುದ್ಧವೇ ಅಂತ. ಅದಾಗಿ ಮೂರು ತಿಂಗಳೂ ತುಂಬಲಿಲ್ಲ. ಅವ ಮಾಡಿದ್ದು ಮಹಾಪಾಪ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಟ್ಯಾಂಕು ಹೊರಡುವ ಮೊದಲು ಸಾಲದ ಪುಸ್ತಕ ತುಂಬಿತ್ತು, ಅದನ್ನು ಯಾರೂ ನೋಡ್ಲಿಲ್ಲ, ಅದೇ ನನ್ನ ಸಂಕಟ.

ಇರಾಕ್ ಚಿಕ್ಕ ದೇಶ, ಅದನ್ನು ಅಮೆರಿಕ ಚೀನಾದ ಪಕ್ಕ ಇಟ್ಟು ಹೇಳ್ಬೇಡ ಅಂತೀರಿ. ಸರಿ, ದೊಡ್ಡವರ ಕತೆಯನ್ನೇ ತೆಗೆದುಕೊಳ್ಳಿ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುಗ್ಗರಿಸಿತು. ಮರುವರ್ಷ ಅಮೆರಿಕ ತನ್ನ ರೈತರನ್ನೂ ಕಾರ್ಖಾನೆಗಳನ್ನೂ ಉಳಿಸ್ತೇನೆ ಅಂತ ಸಾವಿರಾರು ವಸ್ತುಗಳ ಮೇಲೆ ಆಮದು ಸುಂಕ ಏರಿಸಿತು, ಕೆನಡಾ ತಿರುಗಿ ಏರಿಸಿತು, ಯುರೋಪಿನವರು ಏರಿಸಿದ್ರು, ಬ್ರಿಟನ್ ತನ್ನ ಸಾಮ್ರಾಜ್ಯಕ್ಕೆ ಬೇಲಿ ಹಾಕಿತು, ನಾಲ್ಕೈದು ವರ್ಷದಲ್ಲಿ ಲೋಕದ ವ್ಯಾಪಾರ ಮೌಲ್ಯದಲ್ಲಿ ಮೂರನೇ ಒಂದು ಪಾಲಿಗೆ ಇಳಿಯಿತು. ಜರ್ಮನಿಯಲ್ಲಿ 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಬಿದ್ದ ವೋಟು ನೂರಕ್ಕೆ ಮೂರೂ ಇಲ್ಲ. 1932ರ ಹೊತ್ತಿಗೆ ಅಲ್ಲಿ 60 ಲಕ್ಷ ಜನಕ್ಕೆ ಕೆಲಸ ಇಲ್ಲ, ಆ ಜುಲೈಯಲ್ಲಿ ಅದೇ ಪಕ್ಷಕ್ಕೆ ನೂರಕ್ಕೆ 37. ಮನುಷ್ಯ ಅವನೇ, ಭಾಷಣ ಅದೇ. ಕೇಳುವವರ ಹೊಟ್ಟೆ ಮಾತ್ರ ಬೇರೆ ಆಗಿತ್ತು.

ನನ್ನ ಮನಸ್ಸಿಗೆ ಹೆಚ್ಚು ತಾಗುದು ಜಪಾನಿನದ್ದು, ಯಾಕಂದ್ರೆ ಅದು ಬೆಳೆ ಬೆಳೆಯುವವರ ಕತೆ. ಅಲ್ಲಿಯ ಹಳ್ಳಿಗಳಲ್ಲಿ ಲಕ್ಷಾಂತರ ಮನೆಯವರು ರೇಷ್ಮೆ ಹುಳ ಸಾಕಿ ಬದುಕಿದವರು, ಆ ರೇಷ್ಮೆಯಲ್ಲಿ ಹೆಚ್ಚಿನದ್ದು ಅಮೆರಿಕಕ್ಕೆ ಹೋಗುದು. ಅಮೆರಿಕದ ಕೈ ಖಾಲಿ ಆದದ್ದೇ ರೇಷ್ಮೆ ಬೆಲೆ ಅರ್ಧಕ್ಕೆ ಬಿತ್ತು, ಹೆಣ್ಣುಮಕ್ಕಳನ್ನು ಮಾರುವ ಸ್ಥಿತಿ ಬಂತು ಹಲವು ಹಳ್ಳಿಗಳಿಗೆ. ಸೈನ್ಯದ ಚಿಕ್ಕ ಆಫೀಸರುಗಳಲ್ಲಿ ಎಷ್ಟೋ ಜನ ಅಂಥ ಹಳ್ಳಿಗಳಿಂದಲೇ ಬಂದವರು, ಅವರ ಸಿಟ್ಟಿಗೆ ಸೇನೆಯೇ ದಾರಿ ಆಯ್ತು. 1931ರ ಸೆಪ್ಟೆಂಬರಿನಲ್ಲಿ ಮಂಚೂರಿಯಾ. 1937ರಲ್ಲಿ ಇಡೀ ಚೀನಾದ ಮೇಲೆ.

ಇಲ್ಲಿ ನಮ್ಮ ಅಪ್ಪಂದಿರ ಕಾಲವನ್ನು ನೆನಪು ಮಾಡಿ. 1970ರ ಆಸುಪಾಸಿಗೆ ಅಡಿಕೆ ಬೆಲೆ ನೆಲಕ್ಕೆ ಬಿದ್ದಿತ್ತು. ಅಪ್ಪ ಗೋಣಿ ಕಟ್ಟಿಟ್ಟ ಚಾಲಿಯನ್ನು ಮುಟ್ಟಿ ಮುಟ್ಟಿ ನೋಡಿ ಒಳಗೆ ಹೋಗುದನ್ನು ನಾನು ಚಿಕ್ಕವ ನೋಡಿದ್ದೇನೆ, ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಜೋರು ಮಾತಾಡುತ್ತಿರಲಿಲ್ಲ. ಆ ಸಂಕಟದಿಂದ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ ಕೇರಳ ಎರಡು ಸರಕಾರ ಕೈ ಕೊಟ್ಟವು, ಬೆಳೆಗಾರ ಉಳಿದ. ಅದೇ ಹೊಟ್ಟೆ ಉರಿ, ಅದೇ ಬೆಲೆ ಕುಸಿತ. ನಮಗೆ ಹಿಡ್ಕೊಳ್ಳಿಕ್ಕೆ ಒಂದು ಕೈ ಸಿಕ್ಕಿತು, ಜಪಾನಿನ ರೈತನ ಮಗನಿಗೆ ಸಿಕ್ಕಿದ್ದು ಬಂದೂಕು.

ಮತ್ತೆ 1941. ಜಪಾನ್ ಆ ಜುಲೈಯಲ್ಲಿ ಇಂಡೋಚೀನಾದ ದಕ್ಷಿಣಕ್ಕೆ ನುಗ್ಗಿತು ಅಂತ ಅಮೆರಿಕ ಅದರ ದುಡ್ಡನ್ನು ತಡೆಹಿಡಿಯಿತು, ಆಗಸ್ಟಿಗೆ ಎಣ್ಣೆ ನಿಲ್ಲಿಸಿತು. ಜಪಾನಿಗೆ ಬೇಕಾದ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಅಮೆರಿಕದ್ದೇ. ಅವರ ನೌಕಾಪಡೆಯವರು ಟ್ಯಾಂಕಿಯಲ್ಲಿ ಉಳಿದದ್ದನ್ನು ಲೆಕ್ಕ ಹಾಕಿದ್ರು, ಎರಡು ವರ್ಷ ತಳ್ಳುದು ಕಷ್ಟ. ಅಲ್ಲಿಂದ ಅವರ ಮಾತೆಲ್ಲ ಒಂದೇ, ಇವತ್ತೇ ಹೊಡೆದ್ರೆ ಉಂಟು, ತಡ ಮಾಡಿದ್ರೆ ಇಲ್ಲ. ಡಿಸೆಂಬರ್ 7ಕ್ಕೆ ಪರ್ಲ್ ಹಾರ್ಬರ್. ಎಣ್ಣೆ ನಿಲ್ಲಿಸಿದ್ದಕ್ಕೂ ಅದಕ್ಕೂ ನಡುವೆ ಬರೀ ನಾಲ್ಕು ತಿಂಗಳು. ಚೀನಾದಲ್ಲಿ ಆ ಸೈನ್ಯ ಮಾಡಿದ ಕ್ರೌರ್ಯ ನೋಡಿದ್ರೆ ಎಣ್ಣೆ ಕೊಡ್ಬೇಕಿತ್ತು ಅಂತ ನಾನು ಹೇಳುದಿಲ್ಲ. ಆದ್ರೆ ಮೂಲೆಗೆ ಒತ್ತಿದ ದೇಶ ಲೆಕ್ಕ ಹಾಕುವ ರೀತಿಯೇ ಬೇರೆ, ಸೋಲ್ತೇನೆ ಅಂತ ಗೊತ್ತಿದ್ದೂ ಹಾರ್ತದೆ, ಅದನ್ನು ಮರೀಬಾರ್ದು.

ಆ ಹೋಟ್ಲಿನ ಹುಡುಗನಿಗೆ ಅದು ದೂರದ ಮಾತು. ನಮ್ಮ ಅಜ್ಜಿಗೆ ಆಗಿರಲಿಲ್ಲ. 1942ರ ಮಾರ್ಚಿನಲ್ಲಿ ಜಪಾನಿನವರು ರಂಗೂನ್ ಹಿಡಿದ್ರು, ನಮ್ಮ ಕರಾವಳಿಗೆ ಬರ್ತಿದ್ದ ಬರ್ಮಾ ಅಕ್ಕಿ ನಿಂತಿತು. ಕಂಟ್ರೋಲಿನಲ್ಲಿ ಸಿಗುವ ಹಿಡಿ ಅಕ್ಕಿಗೆ ಮೈಲಿಗಟ್ಟಲೆ ನಡೀಬೇಕು. ಅಜ್ಜಿ ಮರಗೆಣಸು ಬೇಯಿಸಿ, ಹಲಸಿನ ಬೇಳೆ ಬೇಯಿಸಿ ಮಕ್ಕಳಿಗೆ ಕೊಟ್ಟು, ತಾನು ಆ ತಿಳಿ ನೀರು ಕುಡಿದು ಮಲಗಿದವಳು. ಸಾಯುವವರೆಗೂ ಮರಗೆಣಸನ್ನು ಬಾಯಿಗೆ ಹಾಕ್ಲಿಲ್ಲ. ಪರ್ಲ್ ಹಾರ್ಬರ್ ಎಲ್ಲಿ, ನಮ್ಮ ಪೆರ್ಲದ ಅಡಿಗೆಕೋಣೆ ಎಲ್ಲಿ. ಅದೇ ಹೊತ್ತಿಗೆ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನ ಇಲ್ಲದೆ ಸತ್ರು.

ಈಗ ನಡೀತಾ ಇರುದನ್ನು ನೋಡಿ. 2025ರ ಏಪ್ರಿಲಿನಲ್ಲಿ ಚೀನಾದ ಮಾಲಿಗೆ ಅಮೆರಿಕ ಹಾಕಿದ ಸುಂಕ ಏರಿ ಏರಿ 145 ಶೇಕಡಾ, ಚೀನಾ ತಿರುಗಿ ಹಾಕಿದ್ದು 125. ಆಮೇಲೆ ಮಾತಾಡಿ ಇಳಿಸಿದ್ರು, ಆದ್ರೆ ಆ ನಡುವೆ ಚೀನಾ ಅಪರೂಪದ ಖನಿಜಗಳನ್ನು ಕೊಡುದಕ್ಕೆ ಬಿಗಿ ಹಾಕಿತು, ಅದನ್ನು ಶುದ್ಧ ಮಾಡುವ ಕೆಲಸ ಲೋಕದಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಚೀನಾದಲ್ಲೇ ಆಗುದು, ಅಯಸ್ಕಾಂತ ಸಿಗದೆ ಕಾರು ಕಂಪೆನಿಗಳು ಪರದಾಡಿದವು. ಅಮೆರಿಕ 2022ರಲ್ಲೇ ಅತಿ ಮುಂದುವರಿದ ಕಂಪ್ಯೂಟರ್ ಚಿಪ್ಪುಗಳನ್ನು ಚೀನಾಕ್ಕೆ ಕೊಡುದಕ್ಕೆ ತಡೆ ಹಾಕಿತು. ಅಂಥ ಚಿಪ್ಪು ಮಾಡುವ ಕಾರ್ಖಾನೆಗಳು ಹೆಚ್ಚಿನವು ಇರುದು ತೈವಾನಿನಲ್ಲಿ, ಚೀನಾ ತನ್ನದು ಅನ್ನುವ ಅದೇ ತೈವಾನಿನಲ್ಲಿ. ನಮಗೂ 2025ರ ಆಗಸ್ಟಿನಲ್ಲಿ 50 ಶೇಕಡಾ ಬಿತ್ತು, ತಿರುಪ್ಪೂರಿನ ಬನಿಯನಿನವರು, ಆಂಧ್ರದ ಸಿಗಡಿಯವರು ತಲೆ ಮೇಲೆ ಕೈ ಇಟ್ಟರು. ಒಬ್ಬ ಎಣ್ಣೆ ನಿಲ್ಲಿಸುದು, ಒಬ್ಬ ಖನಿಜ ನಿಲ್ಲಿಸುದು, ಒಬ್ಬ ಚಿಪ್ಪು ನಿಲ್ಲಿಸುದು, ಟಿವಿಯಲ್ಲಿ ಇದೆಲ್ಲ ವ್ಯಾಪಾರದ ಸುದ್ದಿ ಅಂತ ಬರ್ತದೆ. ನನಗೆ ಇದು 1941ರ ಆಗಸ್ಟಿನ ಸುದ್ದಿಯ ಹಾಗೆ ಕೇಳ್ತದೆ.

ಒಂದು ವಿಷಯ ಒಪ್ಪಿಕೊಳ್ಬೇಕು. ಅಡಿಕೆಗೆ ಆಮದು ಸುಂಕ ಬೇಕು, ಕನಿಷ್ಠ ಆಮದು ಬೆಲೆ ಏರಿಸಿ ಅಂತ ಬೊಬ್ಬೆ ಹಾಕಿದವರಲ್ಲಿ ನಾನೂ ಒಬ್ಬ. 2023ರಲ್ಲಿ ಅದನ್ನು ಕಿಲೋಕ್ಕೆ 351 ರೂಪಾಯಿ ಮಾಡಿದಾಗ ಖುಷಿಯೂ ಪಟ್ಟಿದ್ದೇನೆ. ಹಾಗಾಗಿ ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕೂತ ಅಮೆರಿಕದ ಕೂಲಿಯವ ಸುಂಕ ಹಾಕಿ ಅಂತ ವೋಟು ಹಾಕಿದ್ರೆ ಅವನನ್ನು ಬೈಯುವ ಬಾಯಿ ನನಗಿಲ್ಲ. ಅವನ ಕಷ್ಟ ನಿಜ. ಆ ಕಷ್ಟವನ್ನು ಪರದೇಶದವನ ಮೇಲಿನ ದ್ವೇಷ ಮಾಡಿ ಮಾರುವವರ ಮೇಲೆ ನನ್ನ ಸಿಟ್ಟು.

ಕೆಲವು ಸ್ನೇಹಿತರು ಹೇಳ್ತಾರೆ, ಅಮೆರಿಕ ಚೀನಾ ನಡುವೆ 2024ರಲ್ಲಿ ಸುಮಾರು 58,000 ಕೋಟಿ ಡಾಲರಿನ ವಹಿವಾಟು ಆಗಿದೆ, ಇಷ್ಟು ವ್ಯಾಪಾರ ಇರುವವರು ಹೊಡೆದಾಡ್ಲಿಕ್ಕಿಲ್ಲ ಅಂತ. ಇದನ್ನೇ 1914ರ ಮೊದಲು ಯುರೋಪಿನಲ್ಲೂ ಹೇಳ್ತಿದ್ರು ಮಾರಾಯ್ರೆ! ಬ್ರಿಟನ್ ಮತ್ತು ಜರ್ಮನಿ ಒಬ್ಬರಿಗೊಬ್ಬರು ದೊಡ್ಡ ಗಿರಾಕಿಗಳು, ಎರಡು ದೇಶದ ರಾಜರು ಅಕ್ಕ ತಮ್ಮನ ಮಕ್ಕಳು, ಒಬ್ಬನ ಅಪ್ಪ ಇನ್ನೊಬ್ಬನ ಅಮ್ಮನ ತಮ್ಮ. ಆದ್ರೂ ಯಾರ ಯುದ್ಧನೌಕೆ ಹೆಚ್ಚು ಅಂತ ವರ್ಷ ವರ್ಷ ಪಂಥ ಕಟ್ಟಿದ್ರು, ಕೊನೆಗೆ ಕೋಟಿಗಟ್ಟಲೆ ಹೆಣ. ಇನ್ನು ಅಣುಬಾಂಬು ಇರುದರಿಂದ ಯಾರೂ ಧೈರ್ಯ ಮಾಡುದಿಲ್ಲ ಅನ್ನುವವರಿಗೆ ಕಾರ್ಗಿಲ್ ನೆನಪಿಲ್ಲವಾ? 1998ರ ಮೇಯಲ್ಲಿ ಎರಡೂ ದೇಶ ಬಾಂಬು ಪರೀಕ್ಷೆ ಮಾಡಿದವು, 1999ರ ಮೇಯಲ್ಲಿ ಯುದ್ಧ.

ಒಂದೇ ಒಂದು ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸೋವಿಯತ್ ದೇಶ ಹಣ ಇಲ್ಲದೆ ಸೊರಗಿ 1991ರಲ್ಲಿ ಒಡೆದು ಹೋಯಿತು, ಅಮೆರಿಕದ ಜೊತೆ ಯುದ್ಧ ಆಗ್ಲಿಲ್ಲ. ಹೌದು. ಆದ್ರೆ ಅವರು 1962ರಲ್ಲಿ ಕ್ಯೂಬಾದ ವಿಷಯದಲ್ಲಿ ಅಂಚಿಗೆ ಹೋಗಿ ಬಂದ ಮೇಲೆ ನೇರ ಮಾತಾಡ್ಲಿಕ್ಕೆ ಹಾಟ್‌ಲೈನ್ ಇಟ್ಟರು, ಬಾಂಬು ಎಷ್ಟಿರಬೇಕು ಅಂತ ವರ್ಷಗಟ್ಟಲೆ ಕೂತು ಒಪ್ಪಂದ ಬರೆದ್ರು, ಕೊನೆಯಲ್ಲಿ, ಪೂರ್ವ ಯುರೋಪು ಕೈತಪ್ಪುವಾಗ ಅಲ್ಲಿಗೆ ಸೈನ್ಯ ಹೊರಡಿಸದ ಗೋರ್ಬಚೇವ್ ಇದ್ದ. ಯಾರೋ ಕಷ್ಟಪಟ್ಟು ಕೆಲಸ ಮಾಡಿದ್ದಕ್ಕೆ ಅದು ತಪ್ಪಿದ್ದು. ಆಗಿಯೇ ಹೋಗ್ಲಿ ಅಂದವರಿಂದ ಅಲ್ಲ.

ಆಗಿಯೇ ಹೋಗ್ಲಿ! ಆ ಮಾತನ್ನು ಎಣಿಸಿದ್ರೆ ಈಗಲೂ ಕೈ ನಡುಗ್ತದೆ. ಆದ ಮೇಲೆ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು. ಸೆಪ್ಟೆಂಬರಿನಲ್ಲಿ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಗೆ ಬಂದೆವು. ಮರಳಿನಲ್ಲಿ ಟೆಂಟು. ಒಂದು ಕ್ಯಾನ್ ನೀರಿಗೆ ಆರು ಜನ, ಮುಚ್ಚಳದಲ್ಲಿ ಅಳೆದು ಕುಡಿದದ್ದು. ಕಣ್ಣೂರಿನ ಒಬ್ಬ ಇಕ್ಕ ತನ್ನ ಒಣ ಕುಬ್ಬೂಸ್ ರೊಟ್ಟಿಯನ್ನು ಮುರಿದು ನನಗೂ ಕೊಟ್ಟಿದ್ದರು, ಅವರ ಋಣ ತೀರಿಸ್ಲಿಕ್ಕೆ ಆಗ್ಲಿಲ್ಲ, ಆಮೇಲೆ ಎಲ್ಲಿ ಹೋದ್ರೋ. ಬೆಲ್ಟಿನ ಒಳಗೆ ಹೊಲಿದು ತಂದ ದಿನಾರನ್ನು ದಾರಿಯಲ್ಲಿ ಯಾರೂ ಮುಟ್ಲಿಲ್ಲ, ಹಿಂದಿನ ತಿಂಗಳವರೆಗೆ ಒಂದಕ್ಕೆ ಅರುವತ್ತು ರೂಪಾಯಿ ಇದ್ದದ್ದು. ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ. ಸುಮಾರು 1,70,000 ಜನರನ್ನು ನಮ್ಮ ದೇಶ ಹಾಗೆ ಕರೆದು ತಂದಿತು, ಆ ಉಪಕಾರ ನಾನು ಮರೆಯುವವ ಅಲ್ಲ. ಮರುವರ್ಷ ಎಣ್ಣೆ ಖರ್ಚು ಏರಿ, ಗಲ್ಫಿನ ದುಡ್ಡು ನಿಂತು, ಅದೇ ದೇಶ 47 ಟನ್ ಚಿನ್ನ ಅಡವಿಡಬೇಕಾಯ್ತು. ನಮ್ಮ ಮನೆಯಲ್ಲಿ ಅಮ್ಮನ ಕರಿಮಣಿ ಬ್ಯಾಂಕಿಗೆ ಹೋಯಿತು, ತಂಗಿಯ ಮದುವೆಯ ಉಳಿದ ಸಾಲಕ್ಕೆ. ಬಿಡಿಸ್ಲಿಕ್ಕೆ ಆರು ವರ್ಷ ಬೇಕಾಯ್ತು. ಇದನ್ನು ಇಷ್ಟು ವರ್ಷ ನಾನು ಯಾರ ಹತ್ತಿರವೂ ಹೇಳಿರಲಿಲ್ಲ.

ಕಾಸರಗೋಡಿನಲ್ಲಿ ಗಲ್ಫಿನಲ್ಲಿ ಒಬ್ಬರಾದ್ರೂ ಇಲ್ಲದ ಬೀದಿ ಇದ್ರೆ ತೋರಿಸಿ ನೋಡುವ. 2025ರ ಜೂನ್ 23ರ ರಾತ್ರಿ ಇರಾನ್ ಕತಾರಿನ ಅಮೆರಿಕನ್ ನೆಲೆಗೆ ಕ್ಷಿಪಣಿ ಬಿಟ್ಟಾಗ ಪಕ್ಕದ ಮನೆಯ ಅಮ್ಮ ಫೋನು ಹಿಡಿದುಕೊಂಡು ನಮ್ಮ ಜಗಲಿಯಲ್ಲಿ ಬೆಳಗಿನವರೆಗೆ ಕೂತಿದ್ರು, ಮಗ ದೋಹಾದಲ್ಲಿ. ಅವರ ಎದುರು ಹೇಳಿ ಈ ಮಾತನ್ನು, ಆಗಿಯೇ ಹೋಗ್ಲಿ ಅಂತ.

ಮೈಲುತುತ್ತು ತಾರದೆ ಬಂದದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ, ನಾಳೆ ಬೆಳಿಗ್ಗೆ ಮತ್ತೆ ಹೋಗ್ಬೇಕು. ಆಮೇಲೆ ಗೊತ್ತಾಯ್ತು, ಹೋಟ್ಲಿನ ಆ ಹುಡುಗನಿಗೆ ಕುವೈತಿನದ್ದೇ ವೀಸಾ ಬಂದಿದೆಯಂತೆ, ಮುಂದಿನ ತಿಂಗಳು ಹೊರಡುದಂತೆ. ನನ್ನ ಹಳೇ ಪಾಸ್‌ಪೋರ್ಟ್ ಕಪಾಟಿನಿಂದ ತೆಗೆದಿಟ್ಟಿದ್ದೇನೆ, ಜೋರ್ಡಾನಿನ ಸೀಲು ಇರುವ ಪುಟ ಸ್ವಲ್ಪ ಹುಳ ತಿಂದಿದೆ, ಆದ್ರೂ ತಾರೀಕು ಓದ್ಲಿಕ್ಕೆ ಆಗ್ತದೆ. ಹೋಟ್ಲಲ್ಲಿ ಅವ ಸಿಕ್ಕಿದ್ರೆ ಪಕ್ಕದಲ್ಲಿ ಕೂರಿಸಿ ತೋರಿಸ್ಬೇಕು.